ಕಾಸ್ಟಲ್ ಕಾರ್ಟಿಲೇಜ್: ಪಕ್ಕೆಲುಬಿನ ತುದಿಯ ಮೆದು ಮೂಳೆ

ಎದೆನೋವೆಂದು ಆಸ್ಪತ್ರೆಗೆ ಹೋಗಿ ಬಂದವರ ಚೀಟಿಯಲ್ಲಿ ಕೆಲವು ಸಲ ‘ಕಾಸ್ಟೋಕಾಂಡ್ರೈಟಿಸ್’ ಎಂದು ಬರೆದಿರುತ್ತದೆ. ವಯಸ್ಸಾದವರ ಎದೆಯ ಎಕ್ಸ್‌ರೇ ರಿಪೋರ್ಟಿನಲ್ಲಿ ‘ಕಾಸ್ಟಲ್ ಕಾರ್ಟಿಲೇಜ್ ಕ್ಯಾಲ್ಸಿಫಿಕೇಶನ್’ ಎಂಬ ಸಾಲು ಕಾಣುತ್ತದೆ. ಮಗನ ಎದೆಯ ನಡುವೆ ಗುಳಿ ಬಿದ್ದಿದೆ ಎಂದು ತೋರಿಸಲು ಹೋದ ತಂದೆತಾಯಿಗೂ ಇದೇ ಪದ ಎದುರಾಗುತ್ತದೆ. ಮೂರೂ ಕಡೆ ಮಾತು ಒಂದೇ ಭಾಗದ್ದು. ಪಕ್ಕೆಲುಬನ್ನು ಎದೆಯ ನಡುವಿನ ಮೂಳೆಗೆ ಸೇರಿಸುವ ಬೆಳ್ಳಗಿನ, ಗಟ್ಟಿಯಾಗಿದ್ದೂ ಬಾಗಬಲ್ಲ ತುಂಡು ಅದು. ನಮ್ಮ ಶಾಲೆಯ ಪಠ್ಯಗಳಲ್ಲಿ ಇದಕ್ಕೆ ಮೃದ್ವಸ್ಥಿ ಎನ್ನುತ್ತಾರೆ, ಮನೆಮಾತಿನಲ್ಲಿ ಮೆದು ಮೂಳೆ. ‘ಕಾಸ್ಟಲ್’ ಎಂದರೆ ಪಕ್ಕೆಲುಬಿಗೆ ಸೇರಿದ್ದು, ‘ಕಾಂಡ್ರೋ’ ಎಂದರೆ ಮೃದ್ವಸ್ಥಿಗೆ ಸೇರಿದ್ದು. ಈ ಎರಡು ತುಣುಕುಗಳು ಗೊತ್ತಿದ್ದರೆ ಚೀಟಿಯ ಮೇಲಿನ ಅರ್ಧ ಪದಗಳು ತಾವೇ ಬಿಡಿಸಿಕೊಳ್ಳುತ್ತವೆ.

ಎದೆಗೂಡು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸುತ್ತಲೂ ಮೂಳೆಯಿಂದಲೇ ಕಟ್ಟಿದ ಪಂಜರ. ಶಾಲೆಯ ಪ್ರಯೋಗಾಲಯದಲ್ಲಿ ನೇತುಹಾಕಿದ ಅಸ್ಥಿಪಂಜರವೂ ಅದೇ ಭಾವನೆಯನ್ನು ಗಟ್ಟಿಮಾಡುತ್ತದೆ, ಏಕೆಂದರೆ ಅದರಲ್ಲಿ ಎಲ್ಲವೂ ಒಂದೇ ಗಟ್ಟಿ ಪ್ಲಾಸ್ಟಿಕ್. ನಿಜದ ಎದೆ ಹಾಗಿಲ್ಲ. ಸಾಮಾನ್ಯವಾಗಿ ನಮಗೆ 12 ಜೊತೆ ಪಕ್ಕೆಲುಬುಗಳು, ಒಟ್ಟು 24. ಗಂಡಸರಿಗೂ ಹೆಂಗಸರಿಗೂ ಅಷ್ಟೇ. ಯುರೋಪಿನಲ್ಲಿ ಗಂಡಸಿಗೆ ಒಂದು ಕಡಿಮೆ ಎಂಬ ನಂಬಿಕೆ ಬಹುಕಾಲ ಇತ್ತು, 16ನೇ ಶತಮಾನದಲ್ಲಿ ವೆಸಾಲಿಯಸ್ ಹೆಣಗಳನ್ನು ಕೊಯ್ದು ನೋಡಿ ಅದು ಸುಳ್ಳೆಂದ. ಇವೆಲ್ಲ ಹಿಂದೆ ಬೆನ್ನೆಲುಬಿಗೆ ಕೂಡಿಕೊಂಡು, ಅಲ್ಲಿಂದ ಬಾಗಿ ಮುಂದಕ್ಕೆ ಬರುತ್ತವೆ. ಆದರೆ ಒಂದೇ ಒಂದು ಪಕ್ಕೆಲುಬಿನ ಮೂಳೆಯೂ ಎದೆಮೂಳೆಯನ್ನು ನೇರವಾಗಿ ಮುಟ್ಟುವುದಿಲ್ಲ. ಕೆಲವು ಬೆರಳಗಲ ದೂರವಿರುವಾಗಲೇ ಮೂಳೆ ಮುಗಿಯುತ್ತದೆ, ಅಲ್ಲಿಂದ ಮುಂದಿನದೆಲ್ಲ ಮೃದ್ವಸ್ಥಿ.

ಮೇಲಿನ ಏಳು ಜೊತೆಗಳ ಮೃದ್ವಸ್ಥಿ ತನ್ನ ಪಾಡಿಗೆ ತಾನು ಎದೆಮೂಳೆಗೆ ಸೇರುತ್ತದೆ. ಇವನ್ನು ನಿಜ ಪಕ್ಕೆಲುಬು ಎನ್ನುತ್ತಾರೆ. 8, 9 ಮತ್ತು 10ನೆಯವು ಎದೆಮೂಳೆಯವರೆಗೆ ಹೋಗುವುದಿಲ್ಲ. ಒಂದೊಂದೂ ತನ್ನ ಮೇಲಿನದರ ಮೃದ್ವಸ್ಥಿಗೆ ಆತುಕೊಂಡು, ಕೊನೆಗೆ ಏಳನೆಯದರ ಮೂಲಕ ಎದೆಮೂಳೆಯ ನಂಟು ಪಡೆಯುತ್ತದೆ. ಇವು ಮಿಥ್ಯ ಪಕ್ಕೆಲುಬುಗಳು. 11 ಮತ್ತು 12ನೆಯವು ಮುಂದೆ ಯಾವುದಕ್ಕೂ ಅಂಟಿಕೊಳ್ಳದೆ ಹೊಟ್ಟೆಯ ಸ್ನಾಯುಗಳ ನಡುವೆ ನಿಲ್ಲುತ್ತವೆ, ಅವುಗಳ ತುದಿಯಲ್ಲಿ ಮೃದ್ವಸ್ಥಿಯ ಸಣ್ಣ ಟೋಪಿಯಷ್ಟೇ ಇರುತ್ತದೆ. ತೇಲು ಪಕ್ಕೆಲುಬು ಎನ್ನುವುದು ಇವಕ್ಕೆ. ಹೊಟ್ಟೆಯ ಮೇಲ್ಗಡೆ, ಎರಡೂ ಬದಿಗೆ ಕಮಾನಿನಂತೆ ಇಳಿಯುವ ಅಂಚು ಕೈಗೆ ಸಿಗುತ್ತದಲ್ಲ, ಅದು 7ರಿಂದ 10ರವರೆಗಿನ ಮೃದ್ವಸ್ಥಿಗಳು ಸೇರಿ ಆದ ಅಂಚು. ಒಂದನೆಯದರಿಂದ ಏಳನೆಯದರವರೆಗೆ ಮೃದ್ವಸ್ಥಿಯ ಉದ್ದ ಹೆಚ್ಚುತ್ತಾ ಹೋಗುತ್ತದೆ, ಆಮೇಲೆ ಕುಗ್ಗುತ್ತದೆ.

ಇದನ್ನು ನಿಮ್ಮ ಎದೆಯ ಮೇಲೆಯೇ ಗುರುತಿಸಬಹುದು. ಕತ್ತಿನ ಬುಡದ ಗುಳಿಯಲ್ಲಿ ಬೆರಳಿಟ್ಟು ಎದೆಯ ನಡುಗೆರೆಯಲ್ಲೇ ಕೆಳಗೆ ಜಾರಿಸಿ. ಎರಡು ಮೂರು ಬೆರಳಗಲ ಇಳಿದ ಮೇಲೆ ಅಡ್ಡಲಾಗಿ ಒಂದು ಚಿಕ್ಕ ಉಬ್ಬು ಸಿಗುತ್ತದೆ. ಎದೆಮೂಳೆಯ ಮೇಲಿನ ತುಂಡು ಮತ್ತು ನಡುವಿನ ತುಂಡು ಕೂಡುವ ಜಾಗ ಅದು; ವೈದ್ಯರು ಅದನ್ನು ಲೂಯಿ ಕೋನ ಎನ್ನುತ್ತಾರೆ. ಆ ಉಬ್ಬಿನಿಂದ ಪಕ್ಕಕ್ಕೆ ಸರಿದರೆ ಬೆರಳಿಗೆ ಸಿಗುವುದು ಎರಡನೇ ಪಕ್ಕೆಲುಬಿನ ಮೃದ್ವಸ್ಥಿ. ಒಂದನೆಯದು ಕೊರಳೆಲುಬಿನ ಹಿಂದೆ ಅಡಗಿರುವುದರಿಂದ ಕೈಗೆ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಎಣಿಕೆ ಶುರುವಾಗುವುದೇ ಎರಡರಿಂದ. ಇಸಿಜಿ ತೆಗೆಯುವವರು ಮೊದಲ ಎರಡು ಎದೆ ಗುಂಡಿಗಳನ್ನು ಎದೆಮೂಳೆಯ ಎರಡೂ ಬದಿಗೆ, ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಇಡಬೇಕು. ಆ ಸಂದಿಯನ್ನು ಹುಡುಕುವುದು ಈ ಲೆಕ್ಕದಿಂದಲೇ.

ಮುಂಭಾಗ ಪೂರ್ತಿ ಮೂಳೆಯೇ ಆಗಿದ್ದರೆ ಎದೆಗೂಡು ಇನ್ನೂ ಗಟ್ಟಿಯಾಗಿರುತ್ತಿತ್ತು, ನಿಜ. ಆದರೆ ಉಸಿರಾಟಕ್ಕೆ ಬೇಕಾದ ಸಡಿಲ ಸಿಗುತ್ತಿರಲಿಲ್ಲ. ಉಸಿರೆಳೆದಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಏಳುತ್ತವೆ. ಬಕೆಟ್ಟಿನ ಹಿಡಿಕೆಯನ್ನು ಪಕ್ಕದಿಂದ ಮೇಲಕ್ಕೆತ್ತಿದಂತೆ ಕೆಳಗಿನ ಪಕ್ಕೆಲುಬುಗಳ ಚಲನೆ ಎಂದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಹಿಡಿಕೆಗೆ ಎರಡೂ ತುದಿಯಲ್ಲಿ ತಿರುಗುವ ಜಾಗ ಬೇಕು. ಹಿಂದಿನ ತುದಿಗೆ ಬೆನ್ನೆಲುಬಿನ ಕೀಲುಗಳಿವೆ. ಮುಂದಿನ ತುದಿಗೆ ಎದೆಮೂಳೆಯ ಬದಿಯ ಸಣ್ಣ ಕೀಲುಗಳ ಜೊತೆ ಮೃದ್ವಸ್ಥಿಯ ತಿರುಚುವ ಗುಣವೇ ನೆರವಾಗುತ್ತದೆ. ಆಳವಾಗಿ ಉಸಿರೆಳೆದಾಗ ಅದು ಕೊಂಚ ತಿರುಚಿಕೊಳ್ಳುತ್ತದೆ. ಉಸಿರು ಬಿಟ್ಟಾಗ ಶ್ವಾಸಕೋಶ ತಾನೇ ಕುಗ್ಗುವ ಬಲದ ಜೊತೆಗೆ, ಆ ತಿರುಚು ಬಿಚ್ಚಿಕೊಳ್ಳುವ ಬಲವೂ ಸೇರಿ ಎದೆ ತನ್ನ ಜಾಗಕ್ಕೆ ಮರಳುತ್ತದೆ. ದಿನಕ್ಕೆ ಸುಮಾರು 20,000 ಸಲ ಉಸಿರಾಡುವ ದೇಹಕ್ಕೆ ಇದು ಸಣ್ಣ ಉಳಿತಾಯವಲ್ಲ.

ಈ ಮೆದುತನ ಅತಿ ಹೆಚ್ಚು ಇರುವುದು ಎಳೆಯ ಮಕ್ಕಳಲ್ಲಿ. ಅವರ ಪಕ್ಕೆಲುಬುಗಳೂ ಎಳೆಯವು. ನ್ಯುಮೋನಿಯಾ ಬಂದು ಶ್ವಾಸಕೋಶ ಬಿಗಿದುಕೊಂಡಾಗ ಮಗು ಜೋರಾಗಿ ಉಸಿರೆಳೆಯಲು ಹೆಣಗುತ್ತದೆ. ಆಗ ಮೆದುವಾದ ಎದೆಗೂಡಿನ ಕೆಳಭಾಗ ಹೊರಗೆ ಉಬ್ಬುವ ಬದಲು ಒಳಕ್ಕೆ ಸೆಳೆದುಕೊಳ್ಳುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರು ಕೆಮ್ಮುವ ಮಗುವಿನ ಅಂಗಿ ಎತ್ತಿ ಪಕ್ಕೆ ನೋಡುವುದು ಇದಕ್ಕಾಗಿ. ಜೊತೆಗೆ ಒಂದು ನಿಮಿಷದ ಉಸಿರೆಣಿಕೆಯೂ ಬೇಕು: ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಐದು ವರ್ಷದೊಳಗಿನವರಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಪಕ್ಕೆ ಸೆಳೆಯುತ್ತಿರುವ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಬೆಳಗಾಗಲಿ ಎಂದು ಕಾಯಬಾರದು.

ಮಕ್ಕಳ ಪಕ್ಕೆಲುಬು ಉದ್ದ ಬೆಳೆಯುವುದೂ ಮೂಳೆ ಮತ್ತು ಮೃದ್ವಸ್ಥಿ ಸೇರುವ ಗಡಿಯಲ್ಲೇ. ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಸಾಲದೆ ರಿಕೆಟ್ಸ್ ಬಂದರೆ ಆ ಗಡಿಯಲ್ಲಿ ಮೃದ್ವಸ್ಥಿ ಬೆಳೆಯುತ್ತಲೇ ಹೋಗುತ್ತದೆ, ಆದರೆ ಸುಣ್ಣದಂಶ ಸೇರಿ ಮೂಳೆಯಾಗಿ ಗಟ್ಟಿಯಾಗುವುದಿಲ್ಲ. ಎದೆಯ ಎರಡೂ ಬದಿಗೆ ಸಾಲಾಗಿ ಗುಂಡು ಗುಂಡು ಉಬ್ಬುಗಳು ಏಳುತ್ತವೆ. ವೈದ್ಯರು ಇದನ್ನು ರಿಕೆಟ್ಸಿನ ಜಪಮಾಲೆ ಎಂದು ಕರೆಯುತ್ತಾರೆ. ವಿಟಮಿನ್ ಸಿ ಕೊರತೆಯ ಸ್ಕರ್ವಿಯಲ್ಲೂ ಇದೇ ಜಾಗದಲ್ಲಿ ಉಬ್ಬು ಬರುತ್ತದೆ, ಆದರೆ ಅಲ್ಲಿ ಉಬ್ಬು ಚೂಪಾಗಿರುತ್ತದೆ, ಮುಟ್ಟಿದರೆ ಮಗು ಅಳುತ್ತದೆ.

ಈಗ ಎದೆನೋವಿಗೆ ಬರೋಣ. ಹೆಚ್ಚಿನವರಿಗೆ ಈ ಭಾಗದ ಪರಿಚಯವಾಗುವುದೇ ನೋವಿನಿಂದ.

ಎಡ ಎದೆಯಲ್ಲಿ, ಎದೆಮೂಳೆಯ ಪಕ್ಕದಲ್ಲೇ ಚಳುಕು. ಹೊರಳಿ ಮಲಗಿದರೆ, ಕೆಮ್ಮಿದರೆ, ಸೀನಿದರೆ, ಕೈ ಚಾಚಿ ಏನನ್ನಾದರೂ ಎತ್ತಿದರೆ ಚುಚ್ಚುತ್ತದೆ. ಒಂದು ಬೆರಳಿನಿಂದ ಇಲ್ಲೇ ಎಂದು ತೋರಿಸಬಹುದು, ಅಲ್ಲಿ ಒತ್ತಿದರೆ ಅದೇ ನೋವು ಮತ್ತೆ ಬರುತ್ತದೆ. ಇದು ಕಾಸ್ಟೋಕಾಂಡ್ರೈಟಿಸ್‌ನ ಸಾಮಾನ್ಯ ಚಿತ್ರ. ಪಕ್ಕೆಲುಬು ಮೃದ್ವಸ್ಥಿಗೆ ಕೂಡುವಲ್ಲಿ ಅಥವಾ ಮೃದ್ವಸ್ಥಿ ಎದೆಮೂಳೆಗೆ ಕೂಡುವಲ್ಲಿ ಆಗುವ ಕೆರಳಿಕೆ ಇದು. ಹೆಚ್ಚಾಗಿ ಎರಡರಿಂದ ಐದನೇ ಪಕ್ಕೆಲುಬಿನವರೆಗೆ, ಒಂದಕ್ಕಿಂತ ಹೆಚ್ಚು ಕಡೆ ಇರುತ್ತದೆ, ಊತ ಇರುವುದಿಲ್ಲ. ವಾರಗಟ್ಟಲೆ ಕೆಮ್ಮಿದವರಿಗೆ, ಅಭ್ಯಾಸವಿಲ್ಲದೆ ಭಾರ ಎತ್ತಿದವರಿಗೆ, ಜಿಮ್ಮಿನಲ್ಲಿ ಒಮ್ಮೆಲೇ ತೂಕ ಏರಿಸಿದವರಿಗೆ ಬರುವುದುಂಟು. ಕಾರಣವೇ ಸಿಗದಿರುವುದೂ ಬಹಳ ಸಾಮಾನ್ಯ. ಇದೇ ಜಾಗದಲ್ಲಿ ಊತವೂ ಕಾಣಿಸಿಕೊಂಡರೆ ಅದಕ್ಕೆ ಬೇರೆ ಹೆಸರು, ಟೀಟ್ಸೆ ಸಿಂಡ್ರೋಮ್. ಜರ್ಮನ್ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ಅದನ್ನು ವಿವರಿಸಿದ. ಅದು ಸಾಮಾನ್ಯವಾಗಿ ಒಂದೇ ಕಡೆ, ಎರಡನೇ ಅಥವಾ ಮೂರನೇ ಪಕ್ಕೆಲುಬಿನ ಬಳಿ, 40 ದಾಟದವರಲ್ಲಿ ಹೆಚ್ಚು.

ಎರಡೂ ಪ್ರಾಣಕ್ಕೆ ಅಪಾಯ ತರುವಂಥವಲ್ಲ. ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ತಾವಾಗಿಯೇ ಇಳಿಯುತ್ತವೆ. ನೋವು ಹೆಚ್ಚಿಸುವ ಕೆಲಸಕ್ಕೆ ಬಿಡುವು, ಬಿಸಿ ಶಾಖ, ವೈದ್ಯರು ಹೇಳಿದ ನೋವಿನ ಮಾತ್ರೆ, ಎದೆಯ ಸ್ನಾಯುಗಳನ್ನು ನಿಧಾನಕ್ಕೆ ಸಡಿಲಿಸುವ ವ್ಯಾಯಾಮ. ಇಷ್ಟು ಹೊತ್ತು ಹಿಡಿಯಲು ಒಂದು ಕಾರಣವೂ ಇದೆ. ಮೃದ್ವಸ್ಥಿಯೊಳಗೆ ಮೂಳೆಯಲ್ಲಿರುವಂತೆ ರಕ್ತನಾಳಗಳ ಜಾಲವಿಲ್ಲ. ಅದನ್ನು ಹೊದ್ದ ತೆಳು ಪೊರೆಯಿಂದ ಪೋಷಕಾಂಶಗಳು ನಿಧಾನವಾಗಿ ಒಳಗೆ ಇಳಿಯಬೇಕು. ಮುರಿದ ಮೂಳೆ ಕೂಡುವಷ್ಟು ಚುರುಕಾಗಿ ಮೃದ್ವಸ್ಥಿ ರಿಪೇರಿಯಾಗದು.

ಆದರೆ ಕಾಸ್ಟೋಕಾಂಡ್ರೈಟಿಸ್ ಎಂದು ತೀರ್ಮಾನಿಸಬೇಕಾದವರು ವೈದ್ಯರು, ನಾವಲ್ಲ. ಇದನ್ನು ನಾನು ಒತ್ತಿ ಹೇಳಲೇಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗಲೂ ಹಾಗೇ ಆಯಿತು. ಆ ಭಯವನ್ನು ಅತಿಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಭಾರತೀಯರಲ್ಲಿ ಹೃದಯಾಘಾತ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ ಎಂಬುದು ವೈದ್ಯರು ದಶಕಗಳಿಂದ ಹೇಳುತ್ತಿರುವ ಮಾತು. ನಮ್ಮ ಮನೆಗಳಲ್ಲಿ ಎದೆನೋವಿಗೆ ಮೊದಲು ಸಿಗುವ ಹೆಸರು ‘ಗ್ಯಾಸ್ಟ್ರಿಕ್’. ಸೋಡಾ ಕುಡಿಸಿ, ಜೀರಿಗೆ ಕಷಾಯ ಕೊಟ್ಟು ಗಂಟೆಗಟ್ಟಲೆ ಕಾಯುತ್ತಾರೆ. ಆ ಗಂಟೆಗಳಲ್ಲಿ ಹೃದಯದ ಸ್ನಾಯು ಸಾಯುತ್ತಿರಬಹುದು. ‘ಗ್ಯಾಸ್ಟ್ರಿಕ್’ ಇದ್ದ ಜಾಗಕ್ಕೆ ‘ಮೆದು ಮೂಳೆ ನೋವು’ ಬಂದು ಕೂರಬಾರದು.

ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ನೋವು, ಅದು ಎಡಗೈ, ದವಡೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ವಾಂತಿ ಬಂದಂತಾಗುವುದು, ನಡೆದರೆ ಹೆಚ್ಚಾಗಿ ನಿಂತರೆ ಇಳಿಯುವುದು ಹೃದಯದ ಕಡೆ ಬೊಟ್ಟುಮಾಡುತ್ತವೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ನೋವು ಇಷ್ಟು ಸ್ಪಷ್ಟವಾಗಿ ಇರದೆ ಬರೀ ಸುಸ್ತು, ಉಬ್ಬಸವೇ ಇರಬಹುದು. ‘ಒತ್ತಿದರೆ ನೋವಾಗುತ್ತದೆ, ಅಂದರೆ ಹೃದಯದ್ದಲ್ಲ’ ಎಂಬ ಮಾತು ಓಡಾಡುತ್ತಿದೆ. ಒತ್ತಿದಾಗ ನೋವು ಬಂದರೆ ಹೃದಯದ ಕಾರಣ ಇರುವ ಸಾಧ್ಯತೆ ಕಡಿಮೆಯಾಗುತ್ತದೆ, ಪೂರ್ತಿ ಅಳಿಸಿಹೋಗುವುದಿಲ್ಲ. ಒಬ್ಬರಿಗೇ ಎರಡೂ ಇರಬಹುದು. ಅದಕ್ಕೇ ವೈದ್ಯರು ಮೊದಲು ಇಸಿಜಿ, ಬೇಕಾದರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೋನಿನ್ ಎಂಬ ರಕ್ತಪರೀಕ್ಷೆ ಮಾಡಿ, ಆಮೇಲೆ ಮೃದ್ವಸ್ಥಿಯ ಮಾತೆತ್ತುತ್ತಾರೆ. ಕರ್ನಾಟಕದಲ್ಲಿ ಪುನೀತ್ ಹೆಸರಿನಲ್ಲೇ ನಡೆಯುತ್ತಿರುವ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸುವ ವ್ಯವಸ್ಥೆ ಮಾಡಿದ್ದಾರೆ. ಹಾಗಾಗಿ ಮೊದಲ ಇಸಿಜಿಗೆ ದೊಡ್ಡ ಊರಿಗೇ ಓಡಬೇಕೆಂದಿಲ್ಲ. ಮನೆಯಲ್ಲಿ ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಹೃದಯ ಸರಿಯಾಗಿದೆ ಎಂದು ಗೊತ್ತಾದ ಮೇಲೂ ಕೆಲವರು ತಿಂಗಳುಗಟ್ಟಲೆ ಹೆದರಿಕೆಯಲ್ಲೇ ಇರುತ್ತಾರೆ. ‘ಏನೂ ಇಲ್ಲ ಅಂದರು, ಆದರೆ ನೋವು ಇದೆಯಲ್ಲ’ ಎಂಬ ಸಂಕಟ ಅದು. ನೋವಿರುವ ಜಾಗದ ಹೆಸರು, ಅಲ್ಲಿ ಏನಾಗಿದೆ, ಯಾಕೆ ನಿಧಾನಕ್ಕೆ ವಾಸಿಯಾಗುತ್ತದೆ ಎಂದು ಎರಡು ನಿಮಿಷ ಕೂತು ಹೇಳಿದರೆ ಆ ಸಂಕಟದ ಬಹುಪಾಲು ಕರಗುತ್ತದೆ. ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಆ ಎರಡು ನಿಮಿಷ ಸಿಗುವುದಿಲ್ಲ. ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ.

ಕೆಳಗಿನ ಅಂಚಿನಲ್ಲಿ ಬರುವ ನೋವು ಬೇರೆ. 8, 9, 10ನೇ ಮೃದ್ವಸ್ಥಿಗಳು ಒಂದಕ್ಕೊಂದು ಆತುಕೊಂಡಿವೆ ಎಂದೆನಲ್ಲ, ಆ ಬೆಸುಗೆ ಸಡಿಲವಾದರೆ ಒಂದರ ತುದಿ ಇನ್ನೊಂದರ ಕೆಳಗೆ ಜಾರಿ ನಡುವಿನ ನರವನ್ನು ಕೆರಳಿಸುತ್ತದೆ. ಬಗ್ಗಿದಾಗ ‘ಟಕ್’ ಎಂದು ಸದ್ದಾಗುವುದೂ ಉಂಟು. ಜಾರು ಪಕ್ಕೆಲುಬು ಎಂದು ಕರೆಯುವ ಈ ತೊಂದರೆಗೆ ಹೊಟ್ಟೆಯ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಏನೂ ಸಿಗದೆ ಅಲೆಯುವವರಿದ್ದಾರೆ. ಪಕ್ಕೆಯ ಅಂಚಿನ ಕೆಳಗೆ ಬೆರಳು ಕೊಕ್ಕೆಯಾಗಿ ಹಾಕಿ ಮೇಲಕ್ಕೆಳೆದಾಗ ಅದೇ ನೋವು ಬಂದರೆ ವೈದ್ಯರಿಗೆ ಸುಳಿವು ಸಿಗುತ್ತದೆ.

ಎಕ್ಸ್‌ರೇಯಲ್ಲಿ ಇದೆಲ್ಲ ಕಾಣುವುದಿಲ್ಲ ಎಂಬುದೂ ಗೊಂದಲಕ್ಕೆ ಕಾರಣ. ಎಳೆಯರ ಎದೆಯ ಎಕ್ಸ್‌ರೇ ನೋಡಿದರೆ ಪಕ್ಕೆಲುಬುಗಳು ಎದೆಮೂಳೆಗಿಂತ ಮೊದಲೇ, ಗಾಳಿಯಲ್ಲಿ ಮುಗಿದಂತೆ ಕಾಣುತ್ತವೆ, ಏಕೆಂದರೆ ಮೃದ್ವಸ್ಥಿಯಲ್ಲಿ ಎಕ್ಸ್‌ರೇಯನ್ನು ತಡೆಯುವಷ್ಟು ಸುಣ್ಣದಂಶವಿಲ್ಲ. ಬಿದ್ದು ಮೃದ್ವಸ್ಥಿ ಸೀಳಿದ್ದರೂ ‘ಎಕ್ಸ್‌ರೇ ನಾರ್ಮಲ್’ ಎಂದು ಬರುವುದು ಹೀಗೆ. ವಯಸ್ಸಾದಂತೆ ಸುಣ್ಣದಂಶ ಸೇರುತ್ತದೆ, ಆಗ ಅದು ಕಾಣತೊಡಗುತ್ತದೆ. ಒಂದನೇ ಪಕ್ಕೆಲುಬಿನದು ಎಲ್ಲಕ್ಕಿಂತ ಮೊದಲು. ಅದರ ಮಚ್ಚೆ ಶ್ವಾಸಕೋಶದ ಗಂಟಿನಂತೆ ತೋರಿ ಗಾಬರಿ ಹುಟ್ಟಿಸುವುದೂ ಇದೆ. ಗಂಡಸರಲ್ಲಿ ಸುಣ್ಣದಂಶ ಸಾಮಾನ್ಯವಾಗಿ ಅಂಚುಗಳಲ್ಲಿ ಕೂಡುತ್ತದೆ, ಹೆಂಗಸರಲ್ಲಿ ನಡುವಿನಲ್ಲಿ. ವಿಧಿವಿಜ್ಞಾನ ತಜ್ಞರಿಗೆ ಇದೊಂದು ಸುಳಿವು. ಮೃದ್ವಸ್ಥಿಗೆ ಕೂಡುವ ನಾಲ್ಕನೇ ಪಕ್ಕೆಲುಬಿನ ತುದಿ ವಯಸ್ಸಿನೊಂದಿಗೆ ಹೇಗೆ ಗುಳಿಬಿದ್ದು ಒರಟಾಗುತ್ತದೆ ಎಂಬುದನ್ನು ನೋಡಿ ಸತ್ತವರ ವಯಸ್ಸು ಅಂದಾಜಿಸುವ ವಿಧಾನವನ್ನು ಇಶ್ಚಾನ್ ಮತ್ತು ಲೋತ್ 1984ರಲ್ಲಿ ಪ್ರಕಟಿಸಿದರು. ರಿಪೋರ್ಟಿನಲ್ಲಿ ‘ಕ್ಯಾಲ್ಸಿಫಿಕೇಶನ್’ ಎಂದಷ್ಟೇ ಇದ್ದರೆ ಅದು ಹೆಚ್ಚಾಗಿ ವಯಸ್ಸಿನ ಗುರುತು. ಅದರಿಂದ ಎದೆಗೂಡು ಸ್ವಲ್ಪ ಬಿಗಿಯಾಗುತ್ತದೆ, ಉಸಿರಾಟಕ್ಕೆ ಶ್ರಮ ಕೊಂಚ ಹೆಚ್ಚು ಬೇಕಾಗುತ್ತದೆ. ಕ್ಯಾಲ್ಸಿಯಂ ಮಾತ್ರೆ ತಿಂದದ್ದರಿಂದ ಹೀಗಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ.

ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಸಾಧ್ಯವಾಗಿರುವುದರಲ್ಲೂ ಈ ಮೆದುತನದ ಪಾಲಿದೆ. ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಮೃದ್ವಸ್ಥಿ ಬಾಗುವುದರಿಂದಲೇ ಎದೆಮೂಳೆ ಅಷ್ಟು ಒಳಗಿಳಿದು ಮತ್ತೆ ಮೇಲೇಳುತ್ತದೆ. ವಯಸ್ಸಾದವರಲ್ಲಿ ಒತ್ತುವಾಗ ಲಟಕ್ ಎಂದು ಸದ್ದಾಗಿ ಪಕ್ಕೆಲುಬೋ ಮೃದ್ವಸ್ಥಿಯೋ ಮುರಿಯಬಹುದು. ಆ ಸದ್ದಿಗೆ ಹೆದರಿ ಕೈ ತೆಗೆಯಬಾರದು. ಮುರಿದದ್ದು ಕೂಡುತ್ತದೆ, ನಿಂತ ಹೃದಯ ಕಾಯುವುದಿಲ್ಲ.

ಹದಿಹರೆಯದ ಹುಡುಗರಲ್ಲಿ ಎದೆಯ ನಡುವೆ ಗುಳಿ ಬೀಳುವುದಕ್ಕೆ ಪೆಕ್ಟಸ್ ಎಕ್ಸ್‌ಕವೇಟಮ್ ಎನ್ನುತ್ತಾರೆ. ಮೃದ್ವಸ್ಥಿಗಳ ಬೆಳವಣಿಗೆ ಏರುಪೇರಾಗಿ ಅವು ಎದೆಮೂಳೆಯನ್ನು ಒಳಕ್ಕೆ ದೂಡುತ್ತವೆ. ಹಿಂದೆ ಆ ಮೃದ್ವಸ್ಥಿಗಳನ್ನು ಕತ್ತರಿಸಿ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯಿತ್ತು. ಅಮೆರಿಕದ ವರ್ಜೀನಿಯಾದಲ್ಲಿ ಡೊನಾಲ್ಡ್ ನಸ್ ಎಂಬ ಮಕ್ಕಳ ಶಸ್ತ್ರವೈದ್ಯ 1987ರಲ್ಲಿ ಬೇರೆ ದಾರಿ ಹಿಡಿದ. ಮೃದ್ವಸ್ಥಿ ಹೇಗೂ ಬಾಗುತ್ತದಲ್ಲ, ಕತ್ತರಿಸುವುದೇಕೆ? ಎದೆಮೂಳೆಯ ಹಿಂದೆ ಬಾಗಿಸಿದ ಲೋಹದ ಪಟ್ಟಿಯೊಂದನ್ನು ತೂರಿಸಿ, ಅದನ್ನು ಮಗುಚಿ, ಗುಳಿಯನ್ನು ಹೊರಕ್ಕೆತ್ತಿ, ಕೆಲವು ವರ್ಷ ಹಾಗೇ ಬಿಟ್ಟು ಆಮೇಲೆ ಪಟ್ಟಿ ತೆಗೆಯುವುದು. 1998ರಲ್ಲಿ ಅವನು ಫಲಿತಾಂಶ ಪ್ರಕಟಿಸಿದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು.

ನನಗೆ ಎಲ್ಲಕ್ಕಿಂತ ಬೆರಗು ತರುವುದು ಈ ತುಂಡು ದೇಹದ ಬೇರೆ ಅಂಗಗಳಿಗೂ ಆಸರೆಯಾಗುವ ಬಗೆ. ಟಿಪ್ಪು ಸುಲ್ತಾನ್ ಮತ್ತು ಇಂಗ್ಲಿಷರ ಯುದ್ಧದ ಕಾಲದಲ್ಲಿ, ಇಂಗ್ಲಿಷ್ ಸೇನೆಯ ಎತ್ತಿನ ಗಾಡಿಯವನಾಗಿದ್ದ ಕಾವಸ್‌ಜಿ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ಸ್ಥಳೀಯ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದರ ಚಿತ್ರ ಸಹಿತ ವರದಿ ಬಂದು, ಯುರೋಪಿನ ಶಸ್ತ್ರವೈದ್ಯರು ಈ ಭಾರತೀಯ ವಿಧಾನವನ್ನು ಕಲಿತರು. ಹಣೆಯ ಚರ್ಮದಿಂದ ಹೊದಿಕೆ ಸಿಕ್ಕಿತು. ಒಳಗೆ ಆಧಾರವಿಲ್ಲದಿದ್ದರೆ ಅಂಥ ಮೂಗು ಕಾಲಕ್ರಮೇಣ ಕುಗ್ಗುತ್ತದೆ. ಇಂದು ಹಣೆಯ ಚರ್ಮದ ವಿಧಾನ ಬಳಕೆಯಲ್ಲಿದೆ, ಒಳಗಿನ ಆಧಾರ ಬಲವಾಗಿ ಬೇಕಾದಾಗ ಪಕ್ಕೆಲುಬಿನ ಮೃದ್ವಸ್ಥಿ ಬಳಸುತ್ತಾರೆ.

ಹೊರಕಿವಿ ಬೆಳೆಯದೆ ಹುಟ್ಟುವ ಮಕ್ಕಳಿಗೂ ಹೀಗೇ. ಅಮೆರಿಕದ ರ‍್ಯಾಡ್‌ಫರ್ಡ್ ಟ್ಯಾಂಜರ್ 1959ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮಗುವಿನದೇ ಪಕ್ಕೆಲುಬಿನ ಮೃದ್ವಸ್ಥಿಯನ್ನು ಕಿವಿಯ ಆಕಾರಕ್ಕೆ ಕೆತ್ತಿ ಚರ್ಮದಡಿ ಕೂರಿಸುತ್ತಾರೆ. ಮುಂದೆ ಬರ್ಟ್ ಬ್ರೆಂಟ್, ಜಪಾನಿನ ಸತೋರು ನಗಾತ ಅದನ್ನು ಬಹಳ ಸುಧಾರಿಸಿದರು. ಕೆತ್ತನೆ ಸುಲಭದ್ದಲ್ಲ. ಮೃದ್ವಸ್ಥಿಯ ಹೊರಪದರದಲ್ಲಿ ಬಿಗಿತವಿರುತ್ತದೆ, ಒಂದು ಬದಿ ಹೆಚ್ಚು ಕೆತ್ತಿದರೆ ತುಂಡು ಕ್ರಮೇಣ ಬಾಗಿಬಿಡುತ್ತದೆ. ಎರಡೂ ಬದಿ ಸಮನಾಗಿ ಕೆತ್ತಬೇಕೆಂದು ಗಿಬ್ಸನ್ ಮತ್ತು ಡೇವಿಸ್ 1958ರಲ್ಲಿ ತೋರಿಸಿದ್ದನ್ನು ಶಸ್ತ್ರವೈದ್ಯರು ಈಗಲೂ ಪಾಲಿಸುತ್ತಾರೆ. ಮಗುವಿನ ಎದೆ ಇಷ್ಟು ಸಾಮಗ್ರಿ ಕೊಡುವಷ್ಟು ಬೆಳೆಯಬೇಕು, ಅದಕ್ಕೇ ಬ್ರೆಂಟ್ ವಿಧಾನಕ್ಕೆ ಸುಮಾರು ಆರು ವರ್ಷ, ಹೆಚ್ಚು ಮೃದ್ವಸ್ಥಿ ಬೇಡುವ ನಗಾತ ವಿಧಾನಕ್ಕೆ ಸುಮಾರು ಹತ್ತು ವರ್ಷದವರೆಗೆ ಕಾಯುತ್ತಾರೆ. ಕಟ್ಟಿದ ಕಿವಿ ಹುಟ್ಟು ಕಿವಿಯಷ್ಟು ಮೆತ್ತಗಿರುವುದಿಲ್ಲ, ಏಕೆಂದರೆ ಕಿವಿಯ ಮೃದ್ವಸ್ಥಿಯ ಜಾತಿಯೇ ಬೇರೆ, ಪಕ್ಕೆಲುಬಿನದು ಅದಕ್ಕಿಂತ ಬಿರುಸು. ಕಿವಿಯ ರೂಪ ಬಂದಮಾತ್ರಕ್ಕೆ ಕೇಳಿಸುವುದಿಲ್ಲ, ಶ್ರವಣ ಪರೀಕ್ಷೆ ಮತ್ತು ಅದಕ್ಕೆ ಬೇಕಾದ ಸಾಧನ ಮಗು ಚಿಕ್ಕದಿರುವಾಗಲೇ ಆಗಬೇಕು. ತೆಗೆದ ಜಾಗದಲ್ಲಿ ಎದೆ ಗುಳಿಬೀಳದಂತೆ ಮೃದ್ವಸ್ಥಿಯ ಮೇಲಿನ ಪೊರೆಯನ್ನು ಎದೆಯಲ್ಲೇ ಉಳಿಸಿ ಹೊಲಿಯುವ ಕ್ರಮವಿದೆ, ಆ ಪೊರೆಯಿಂದ ಮೃದ್ವಸ್ಥಿ ಸ್ವಲ್ಪಮಟ್ಟಿಗೆ ಮತ್ತೆ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಎದೆಯ ಗಾಯ, ಅದರ ನೋವು, ಈ ಪೊರೆಯ ವಿಚಾರವನ್ನು ತಂದೆತಾಯಿ ವೈದ್ಯರ ಹತ್ತಿರ ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಬಹುದು.